ತಂಗಳು ರೊಟ್ಟಿಯ ಚರಿತ್ರೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ರಸಪ್ರಶ್ನೆ ಸ್ಪರ್ಧೆಗೆ ಪ್ರಶ್ನೆ ತಯಾರಿಸುವ ಹೊಣೆ ನನ್ನ ಮೇಲೆ ಬಿತ್ತು. 'ಫ್ರೆಂಚ್ ಟೋಸ್ಟ್‌ಗೆ ಆ ಹೆಸರು ಹೇಗೆ ಬಂತು?' ಎಂಬುದೂ ಅದರಲ್ಲೊಂದು. ನಾನು ಬರೆದುಕೊಂಡಿದ್ದ ಉತ್ತರ ಹೀಗಿತ್ತು: 1724ರಲ್ಲಿ ಅಮೆರಿಕದ ಆಲ್ಬನಿಯಲ್ಲಿ ಜೋಸೆಫ್ ಫ್ರೆಂಚ್ ಎಂಬ ಹೋಟೆಲಿನವನು ಇದನ್ನು ಮೊದಲು ಮಾಡಿದ, ವ್ಯಾಕರಣ ಬಾರದೆ 'ಫ್ರೆಂಚನ ಟೋಸ್ಟ್' ಎನ್ನುವ ಬದಲು 'ಫ್ರೆಂಚ್ ಟೋಸ್ಟ್' ಎಂದು ಬರೆದುಬಿಟ್ಟ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು "ಫ್ರೆಂಚರ ರೊಟ್ಟಿಯಿಂದ ಮಾಡಿದ್ದಕ್ಕೆ ಇರಬೇಕು ಟೀಚರ್" ಎಂದಳು. ತಪ್ಪೆಂದು ಅಂಕ ಕೊಡಲಿಲ್ಲ. ಅವಳ ತಂಡ ಒಂದೇ ಅಂಕದಿಂದ ಸೋತಿತು.

ಆಮೇಲೆ ಹುಡುಕಿದಾಗ ಗೊತ್ತಾಯಿತು, ಆ ಹೋಟೆಲಿನವನ ಕಥೆ ನಿಲ್ಲುವಂಥದ್ದಲ್ಲ. ಇಂಗ್ಲೆಂಡಿನ ಬಾಣಸಿಗ ರಾಬರ್ಟ್ ಮೇ 1660ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲೇ 'ಫ್ರೆಂಚ್ ಟೋಸ್ಟ್ಸ್' ಎಂಬ ಹೆಸರಿದೆ. ಅಂದರೆ ಕಥೆಯ ಇಸವಿಗಿಂತ 64 ವರ್ಷ ಮೊದಲು! ಮೇ ಹೇಳುವುದೂ 'ಫ್ರೆಂಚ್ ಬ್ರೆಡ್' ಕತ್ತರಿಸಿ ಕೆಂಡದ ಮೇಲೆ ಸುಡಬೇಕೆಂದೇ. ಅದನ್ನು ಅವನು ನೆನೆಸುವುದು ದ್ರಾಕ್ಷಾರಸದ ಮದ್ಯದಲ್ಲಿ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಹೆಸರು ಒಂದೇ ಆದರೂ ತಿಂಡಿ ಬೇರೆ.

ನಾವಿಂದು ತಿನ್ನುವ ತಿಂಡಿಯ ಬೇರು ಇನ್ನೂ ಆಳದಲ್ಲಿದೆ. ಅಪಿಸಿಯಸ್‌ನ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ನರ ಪಾಕಗ್ರಂಥದಲ್ಲಿ ಬಿಳಿ ರೊಟ್ಟಿಯ ಅಂಚು ತೆಗೆದು, ದೊಡ್ಡ ತುಂಡುಗಳಾಗಿ ಮುರಿದು, ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು ಜೇನು ಸುರಿಯುವ ಕ್ರಮವಿದೆ. ಅದಕ್ಕೆ ಸ್ವಂತ ಹೆಸರೂ ಇಲ್ಲ, ಬರೇ 'ಇನ್ನೊಂದು ಸಿಹಿ'. ಮೊಟ್ಟೆ ಬರುವುದು ಮಧ್ಯಯುಗದಲ್ಲಿ. ಸುಮಾರು 1430ರ ಒಂದು ಇಂಗ್ಲಿಷ್ ಹಸ್ತಪ್ರತಿಯನ್ನು ನೋಡಿ: ಮೊಟ್ಟೆಯ ಹಳದಿಯನ್ನು ಬೇರ್ಪಡಿಸಿ ಸೋಸಬೇಕು, ಉಪ್ಪು ಹಾಕಬೇಕು, ರೊಟ್ಟಿಯ ಬಿಲ್ಲೆಗಳನ್ನು ಅದರಲ್ಲಿ ಚೆನ್ನಾಗಿ ಅದ್ದಿ ಕಾಯಿಸಿ ತಿಳಿಯಾಗಿಸಿದ ಬೆಣ್ಣೆಯಲ್ಲಿ (ನಮ್ಮ ತುಪ್ಪವೇ ತಾನೆ!) ಕರಿಯಬೇಕು, ಮೇಲೆ ಸಕ್ಕರೆ. ಬಾಣಲೆಗೆ ಅಂಟದಂತೆ ಜೋಪಾನ ಎಂಬ ಎಚ್ಚರಿಕೆಯೂ ಇದೆ. ಆರು ಶತಮಾನಗಳ ಹಿಂದೆಯೂ ಅದೇ ತಾಪತ್ರಯ.

ಆ ಹಸ್ತಪ್ರತಿಯಲ್ಲಿ ಇದರ ಹೆಸರು 'ಪೆಯ್ನ್ ಪರ್ಡ್ಯೂ'. ಫ್ರಾನ್ಸಿನವರು ಇಂದಿಗೂ ಕರೆಯುವುದು 'ಪೆಂ ಪೆರ್ದ್ಯೂ' ಎಂದು. ಕಳೆದುಹೋದ ರೊಟ್ಟಿ, ಕೈಬಿಟ್ಟ ರೊಟ್ಟಿ ಎಂದರ್ಥ. ಜರ್ಮನರಿಗೆ ಇದು 'ಬಡ ಸರದಾರರು'. ಒಣಗಿ ಎಸೆಯಬೇಕಾಗಿದ್ದ ರೊಟ್ಟಿಯನ್ನು ಉಳಿಸಿಕೊಳ್ಳುವ ಉಪಾಯ ಇದು ಎಂಬುದನ್ನು ಆ ಹೆಸರುಗಳು ಮುಚ್ಚಿಡುವುದಿಲ್ಲ. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ನನ್ನ ದಾದಿಗೆ ಈ ಹೆಸರಿನ ಅರ್ಥವನ್ನು ಯಾರೂ ವಿವರಿಸಬೇಕಾಗುತ್ತಿರಲಿಲ್ಲ.

ಹೆಸರಿನ ಮೇಲೆ ರಾಜಕೀಯವೂ ನಡೆದಿದೆ. 2003ರಲ್ಲಿ ಇರಾಕ್ ಯುದ್ಧವನ್ನು ಫ್ರಾನ್ಸ್ ವಿರೋಧಿಸಿತೆಂದು ಅಮೆರಿಕದ ಪ್ರತಿನಿಧಿ ಸಭೆಯ ಕ್ಯಾಂಟೀನಿನಲ್ಲಿ ಇದನ್ನು 'ಫ್ರೀಡಂ ಟೋಸ್ಟ್' ಮಾಡಿದರು. 2006ರಲ್ಲಿ ಸದ್ದಿಲ್ಲದೆ ಹಳೆಯ ಹೆಸರು ಮರಳಿತು.

ನಮ್ಮ ದಖ್ಖನಿನಲ್ಲಿ ಇದರ ಬಂಧುವೊಂದಿದೆ: ಹೈದರಾಬಾದಿನ ಡಬಲ್ ಕಾ ಮೀಠಾ. ಉಬ್ಬಿಸಿದ ರೊಟ್ಟಿಗೆ ಅಲ್ಲಿ 'ಡಬಲ್ ರೋಟಿ' ಎನ್ನುತ್ತಾರೆ. ಫ್ರೆಂಚ್ ಟೋಸ್ಟನ್ನು ನೆನೆಸಿ ಕರಿಯುತ್ತಾರೆ. ಇದನ್ನು ಮೊದಲು ತುಪ್ಪದಲ್ಲಿ ಕರಿದು ಆಮೇಲೆ ಪಾಕ, ಹಾಲಿನಲ್ಲಿ ನೆನೆಸುತ್ತಾರೆ. ಮೊಟ್ಟೆ ಬೇಕಿಲ್ಲ. ಇದರ ಸೋದರ ಶಾಹಿ ಟುಕಡಾವನ್ನು ಬಾಬರನೇ ತಂದನೆನ್ನುವವರಿದ್ದಾರೆ. ಆಲ್ಬನಿಯ ಪೆಟ್ಟು ತಿಂದ ಮೇಲೆ ಇಂಥ ಮಾತನ್ನು ನಾನು ತರಗತಿಯಲ್ಲಿ ಹೇಳುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ಈ ಚರಿತ್ರೆಯೇ ದಾರಿ ತೋರುತ್ತದೆ. ತಾಜಾ ಬ್ರೆಡ್‌ನಲ್ಲಿ ತೇವ ಮೊದಲೇ ಇರುತ್ತದೆ, ಅದ್ದಿದೊಡನೆ ಮುದ್ದೆಯಾಗುತ್ತದೆ. ನಿನ್ನೆಯದು ಹಾಲು ಕುಡಿದೂ ಗಟ್ಟಿ ನಿಲ್ಲುತ್ತದೆ. ತಂಗಳು ಇಲ್ಲದಿದ್ದರೆ ದಪ್ಪ ಹೋಳುಗಳನ್ನು ರಾತ್ರಿ ತಟ್ಟೆಯಲ್ಲಿ ಹರಡಿ ತೆಳು ಬಟ್ಟೆ ಮುಚ್ಚಿಡಿ. ನಾಲ್ಕು ಹೋಳಿಗೆ 2 ಮೊಟ್ಟೆ, ಅರ್ಧ ಲೋಟ ಹಾಲು, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಕದಡಿ, ಹಸ್ತಪ್ರತಿಯವನಂತೆ ಸೋಸಿಬಿಡಿ. ಬಿಳಿಯ ಲೋಳೆ ಎಳೆಎಳೆಯಾಗಿ ಅಂಟುವುದಿಲ್ಲ. ಎರಡೂ ಮಗ್ಗುಲು ನೆನೆಯಲಿ. ಉರಿ ಮಾತ್ರ ಸಣ್ಣದಿರಲಿ. ದೊಡ್ಡ ಉರಿಯಲ್ಲಿ ಸಕ್ಕರೆ ಕರಕಲಾಗಿ ಒಳಗಿನ ಮೊಟ್ಟೆ ಹಸಿಯಾಗಿಯೇ ಉಳಿಯುತ್ತದೆ.

ಆ ಹುಡುಗಿ ಪಿಯುಸಿಯಲ್ಲಿದ್ದಾಗ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. 1660ರ ವಿಷಯ ಹೇಳಿ, ತಪ್ಪು ನನ್ನದೆಂದೆ. ಅವಳು ನಕ್ಕು, "ಹಾಗಾದ್ರೆ ಆ ಒಂದು ಅಂಕ ಈಗ ಕೊಡ್ತೀರಾ ಟೀಚರ್?" ಎಂದಳು. ಶಾಲೆಯ ದಾಖಲೆಯಲ್ಲಿ ಗೆದ್ದ ತಂಡದ ಹೆಸರು ಇನ್ನೂ ಹಾಗೆಯೇ ಇದೆ.