ದೂರು ಯಾರ ಮುಂದೆ? ಸಮಾಜ ಕಾರ್ಯಕರ್ತರ ನಡತೆ ಮತ್ತು ಸಮಾನವೃತ್ತಿಯವರ ವಿಚಾರಣೆ

ಮುಂಬಯಿಯ ವಿಕ್ರೋಳಿ ಸ್ಟೇಷನ್ನಿನಿಂದ ಹೊರಬಿದ್ದರೆ ಬ್ಯಾನರುಗಳ ಸಾಲು. ಹುಟ್ಟುಹಬ್ಬದ ಶುಭಾಶಯ, ದಹಿಹಂಡಿಯ ಆಮಂತ್ರಣ, ಕೈಮುಗಿದು ನಿಂತ ಮುಖಗಳು. ಮುಖದ ಕೆಳಗೆ ಹೆಸರು, ಹೆಸರಿನ ಕೆಳಗೆ ‘ಸಮಾಜಸೇವಕ’. ಈ ಬಿರುದಿಗೆ ಪರೀಕ್ಷೆ ಇಲ್ಲ, ಪರವಾನಗಿ ಇಲ್ಲ. ಫ್ಲೆಕ್ಸ್ ಹಾಕಿಸುವಷ್ಟು ದುಡ್ಡಿದ್ದರೆ ಸಾಕು. ಅದೇ ಬ್ಯಾನರಿನ ಕೆಳಗೆ ದಾಟಿಕೊಂಡು ಪಶ್ಚಿಮದ ಪಾರ್ಕ್‌ಸೈಟ್, ಸೂರ್ಯನಗರದ ಗುಡ್ಡ ಹತ್ತುವವರು, ಪೂರ್ವದ ಟ್ಯಾಗೋರ್ ನಗರ, ಕನ್ನಮವಾರ್ ನಗರದ ಕಡೆಗೆ ನಡೆಯುವವರು ಬೇರೆ ಇದ್ದಾರೆ. ಎಂ.ಎಸ್.ಡಬ್ಲ್ಯು. ಓದಿ, ಸಂಬಳಕ್ಕೆ ದುಡಿದು, ಜನರ ಮನೆಯೊಳಗಿನ ಮಾತು ಕೇಳಿಸಿಕೊಳ್ಳುವುದನ್ನೇ ಉದ್ಯೋಗ ಮಾಡಿಕೊಂಡವರು. ಇವರಲ್ಲೊಬ್ಬರು ತಪ್ಪಿ ನಡೆದರೆ ಯಾರಿಗೆ ಹೇಳಬೇಕು, ಕೇಳುವವರು ಯಾರು ಎಂಬುದು ಈ ಲೇಖನದ ವಿಷಯ.

ಸೇವಕರು ಬೇರೆ, ಕಾರ್ಯಕರ್ತರು ಬೇರೆ

ಭಾರತದಲ್ಲಿ ಸಮಾಜಕಾರ್ಯ ಒಂದು ವೃತ್ತಿಯಾಗಿ ತಲೆಯೆತ್ತಿದ್ದು ಮುಂಬಯಿಯಲ್ಲೇ. 1936ರಲ್ಲಿ ನಾಗಪಾಡಾದಲ್ಲಿ ‘ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್’ ಆರಂಭವಾಯಿತು. ಅಮೆರಿಕದಿಂದ ಬಂದಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಮೊದಲ ನಿರ್ದೇಶಕರು. 1944ರಲ್ಲಿ ಅದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಮುಂದಿನ ದಶಕದಲ್ಲಿ ದೇವನಾರಕ್ಕೆ, ಅಂದರೆ ವಿಕ್ರೋಳಿಯಿಂದ ಹೆಚ್ಚು ದೂರವಿಲ್ಲದ ಜಾಗಕ್ಕೆ ಬಂತು. 1946ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕವಾಯಿತು. 1984ರಲ್ಲಿ ಪೊಲೀಸ್ ಕಮಿಷನರ್ ಕಚೇರಿಯೊಳಗೇ ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಕೋಶ ತೆರೆದು ಕಾರ್ಯಕರ್ತೆಯರನ್ನು ಕೂರಿಸಿದರು. 1996ರಲ್ಲಿ 1098 ಮಕ್ಕಳ ಸಹಾಯವಾಣಿ ಇದೇ ಊರಿನಿಂದ ಹೊರಟಿತು.

ಇಷ್ಟೆಲ್ಲ ಆದರೂ ‘ಸಮಾಜ ಕಾರ್ಯಕರ್ತ’ ಎಂಬ ಹೆಸರಿಗೆ ಇಲ್ಲಿ ಕಾನೂನಿನ ಬೇಲಿ ಇಲ್ಲ. ವಕೀಲರಲ್ಲದವರು ಕರಿ ಕೋಟು ಹಾಕಿ ವಾದಿಸಿದರೆ ಅಪರಾಧ. ಪದವಿಯಿಲ್ಲದೆ ಆಪ್ತಸಮಾಲೋಚನೆಯ ಬೋರ್ಡು ತೂಗುಹಾಕಿದವರನ್ನು ಹಾಗೆ ಕೇಳುವವರಿಲ್ಲ. ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಎಂಥ ತಪ್ಪುಗಳು

ದುಡ್ಡು ತಿಂದದ್ದು, ಕೈಮಾಡಿದ್ದು ಎಲ್ಲರಿಗೂ ಗೊತ್ತಾಗುವ ತಪ್ಪುಗಳು. ವೃತ್ತಿನೀತಿಯ ದೂರುಗಳು ಸಾಮಾನ್ಯವಾಗಿ ಇಷ್ಟು ಎದ್ದು ಕಾಣುವುದಿಲ್ಲ. ಗುಟ್ಟು ಬಯಲು ಮಾಡುವುದು, ನೆರವು ಕೇಳಿ ಬಂದವರಿಂದ ಸಾಲ ಪಡೆಯುವುದು, ಅವರೊಂದಿಗೆ ಬೇರೆ ನಂಟು ಬೆಳೆಸುವುದು, ತನಗೆ ತಿಳಿಯದ ವಿಷಯದಲ್ಲಿ ಸಲಹೆ ಕೊಡುವುದು, ಕೈಹಿಡಿದ ಕೇಸನ್ನು ಹೇಳದೆ ಕೇಳದೆ ಬಿಟ್ಟುಬಿಡುವುದು, ಎಲ್ಲ ಇದೇ ಪಟ್ಟಿಯವು.

ಒಂದು ಕಲ್ಪಿತ ಪ್ರಸಂಗ ಇಟ್ಟುಕೊಳ್ಳೋಣ. ಕಲಬುರಗಿ ಕಡೆಯಿಂದ ಬಂದು ಗುಡ್ಡದ ಮೇಲಿನ ಓಣಿಯಲ್ಲಿ ಸಂಸಾರ ಹೂಡಿರುವ ಒಬ್ಬ ಹೆಂಗಸು ಗಂಡನ ಹೊಡೆತದ ವಿಷಯವನ್ನು ಕಾರ್ಯಕರ್ತೆಯೊಬ್ಬರಿಗೆ ಹೇಳಿಕೊಂಡಿದ್ದಾಳೆ. ಕಾರ್ಯಕರ್ತೆ ಹೊಲಿಗೆ ತರಬೇತಿಗೆ ಸೇರಿಸಿದ್ದಾರೆ, ಒಳ್ಳೆಯದೇ ಆಗಿದೆ. ಆರು ತಿಂಗಳ ಮೇಲೆ ಸಂಸ್ಥೆಯ ವಾರ್ಷಿಕ ವರದಿ ಅಚ್ಚಾಗಿ ಬರುತ್ತದೆ. ನುಣುಪಾದ ಕಾಗದ, ನಡುವಿನ ಪುಟದಲ್ಲಿ ಮಷೀನಿನ ಮುಂದೆ ಕೂತ ಆಕೆಯ ಫೋಟೊ, ಪಕ್ಕದಲ್ಲಿ ಆಕೆಯ ಕತೆ. ಹೆಸರು ಬದಲಿಸಿದ್ದಾರೆ, ಮುಖ ಬದಲಿಸಿಲ್ಲ. ಮುಖಕ್ಕೆ ಮಸಿ ಬಳಿದಿದ್ದರೂ ಹಿಂದಿನ ನೀಲಿ ಡ್ರಮ್ಮು, ಬಾಗಿಲಿಗೆ ಕಟ್ಟಿದ ಹಳೇ ಸೀರೆಯ ಪರದೆ ಓಣಿಯವರಿಗೆ ಗುರುತು ಹೇಳುತ್ತಿದ್ದವು. ಸಂಜೆಯೊಳಗೆ ಪುಟ ವಾಟ್ಸಾಪಿನಲ್ಲಿ ಗಂಡನ ಮೊಬೈಲು ಸೇರುತ್ತದೆ. ಸಂಸ್ಥೆಯ ಕಡತದಲ್ಲಿ ಒಪ್ಪಿಗೆ ಪತ್ರ ಇದೆ: ಇಂಗ್ಲಿಷಿನಲ್ಲಿ, ಕೆಳಗೆ ಆಕೆಯ ಹೆಬ್ಬೆಟ್ಟು.

ಇದನ್ನು ಠಾಣೆಗೆ ಒಯ್ದರೆ ಯಾವ ಕಲಮು ಹಾಕುವುದೆಂದು ತಲೆ ಕೆರೆದುಕೊಳ್ಳುತ್ತಾರೆ. ಕಾರ್ಯಕರ್ತೆ ದುಷ್ಟರಲ್ಲ, ದುಡ್ಡು ತಿಂದಿಲ್ಲ, ಸಹಿಯೂ ಇದೆ. ಆದರೂ ವೃತ್ತಿಯ ಲೆಕ್ಕದಲ್ಲಿ ಇದು ಭಾರೀ ತಪ್ಪು. ಓದಿ ಹೇಳದ ಕಾಗದದ ಮೇಲಿನ ಹೆಬ್ಬೆಟ್ಟು ಒಪ್ಪಿಗೆಯಲ್ಲ ಎಂಬುದು ಆ ಕೆಲಸ ಮಾಡಿದವರಿಗೆ ಹೇಳದೆಯೇ ತಿಳಿಯುತ್ತದೆ.

ಸಮಾನರೇ ಏಕೆ ಕೇಳಬೇಕು

ಸಮಾನವೃತ್ತಿಯವರ ವಿಚಾರಣೆ, ಅಂದರೆ ಪಿಯರ್ ರಿವ್ಯೂ, ನಿಂತಿರುವುದು ಈ ತಿಳಿವಳಿಕೆಯ ಮೇಲೆ. ನಮ್ಮಲ್ಲಿ ಇದರ ಹಳೆಯ ಮಾದರಿ ವಕೀಲರದು. 1961ರ ಅಡ್ವೊಕೇಟ್ಸ್ ಕಾಯಿದೆಯ ಪ್ರಕಾರ ರಾಜ್ಯ ಬಾರ್ ಕೌನ್ಸಿಲ್ಲಿನ ಶಿಸ್ತು ಸಮಿತಿಯಲ್ಲಿ ಮೂವರು, ಮೂವರೂ ವಕೀಲರೇ. ದೂರು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಕೆಲಕಾಲ ಸನ್ನದು ತಡೆಹಿಡಿಯಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು.

ಸಮಾಜ ಕಾರ್ಯಕರ್ತರಲ್ಲಿ ಈ ಪದ್ಧತಿಯನ್ನು ಬೆಳೆಸಿದ್ದು ಅಮೆರಿಕದ ರಾಷ್ಟ್ರೀಯ ಸಂಘ. 1955ರಲ್ಲಿ ಹುಟ್ಟಿದ ಆ ಸಂಘ 1960ರಲ್ಲಿ ನೀತಿಸಂಹಿತೆ ಒಪ್ಪಿಕೊಂಡಿತು. ದೂರು ಬಂದರೆ ಅಲ್ಲಿ ಎರಡು ದಾರಿ: ಒಂದು ರಾಜಿ ಮಾತುಕತೆ, ಇನ್ನೊಂದು ವಿಧಿವತ್ತಾದ ವಿಚಾರಣೆ. ಆದರೆ ಆ ಸಂಘದ ಕೈ ಅದರ ಸದಸ್ಯರಿಗಷ್ಟೇ ಚಾಚುತ್ತದೆ. ಪರವಾನಗಿ ಕಿತ್ತುಕೊಳ್ಳುವ ಅಧಿಕಾರ ಆಯಾ ರಾಜ್ಯದ ಲೈಸೆನ್ಸಿಂಗ್ ಮಂಡಳಿಯದು.

ವಿಚಾರಣೆ ನಡೆಯುವ ಬಗೆ

ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಮ್ಮ ಫೋಟೊ ಪ್ರಸಂಗವನ್ನೇ ಅದರೊಳಗೆ ಹಾಯಿಸಿ ನೋಡಬಹುದು.

ಮೊದಲು ಬರಹದ ದೂರು. ಹೆಂಗಸಿಗೆ ಬರೆಯಲು ಬಾರದಿದ್ದರೆ ಆಕೆಯ ಮಾತಿನಲ್ಲೇ ಹೇಳಿಸಿ, ಬರೆದುಕೊಂಡು, ಓದಿ ಕೇಳಿಸಬೇಕು. ಈ ಹಂತದಲ್ಲೇ ಅರ್ಧ ದೂರುಗಳ ಜೀವ ಹೋಗುತ್ತದೆಂದು ನನ್ನ ಅನಿಸಿಕೆ. ಮುಂಬಯಿಯಲ್ಲಿ ಅರ್ಜಿ ನಮೂನೆ ಮರಾಠಿಯದೋ ಇಂಗ್ಲಿಷಿನದೋ ಆಗಿರುತ್ತದೆ. ಹೇಳಬೇಕಾದವಳ ಬಾಯಲ್ಲಿರುವುದು ಕಲಬುರಗಿಯ ಕನ್ನಡವೋ ತುಳುವೋ. ನಡುವೆ ದುಭಾಷಿಯಾಗಿ ಅದೇ ಸಂಸ್ಥೆಯ ಇನ್ನೊಬ್ಬ ನೌಕರ ಬಂದು ಕೂತರೆ ದೂರಿನ ಮೊನೆ ಅಲ್ಲೇ ಮುರಿಯಿತು.

ಆಮೇಲೆ ಜರಡಿ ಹಿಡಿಯುವ ಕೆಲಸ. ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಅದು ನೀತಿಸಂಹಿತೆಯ ಯಾವುದಾದರೂ ವಿಧಿಯನ್ನು ಮುರಿಯುತ್ತದೆಯೇ ಎಂದಷ್ಟೇ ಇಲ್ಲಿ ನೋಡುತ್ತಾರೆ. ‘ಕಾರ್ಯಕರ್ತೆ ಸಿಡುಕಿನವರು’ ಎಂಬುದು ಜರಡಿಯಲ್ಲಿ ಉದುರಿಹೋಗುತ್ತದೆ, ‘ಕೇಳದೆ ನನ್ನ ಕತೆ ಅಚ್ಚು ಹಾಕಿದರು’ ಎಂಬುದು ನಿಲ್ಲುತ್ತದೆ. ನಿಂತ ದೂರಿನ ಪ್ರತಿ ಕಾರ್ಯಕರ್ತೆಗೆ ಹೋಗುತ್ತದೆ. ಉತ್ತರಕ್ಕೆ ಸಮಯ ಕೊಡುತ್ತಾರೆ. ತನ್ನ ವಿಷಯದಲ್ಲಿ ತಾನೇ ನ್ಯಾಯ ಹೇಳಬಾರದು, ಎರಡೂ ಕಡೆ ಕೇಳದೆ ತೀರ್ಪು ಕೊಡಬಾರದು ಎಂಬ ಸಹಜ ನ್ಯಾಯದ ಎರಡು ಕಟ್ಟುಗಳು ಇಲ್ಲಿಗೂ ಅನ್ವಯ. ಕಾರ್ಯಕರ್ತೆಯ ಜೊತೆ ಓದಿದವರು, ಒಂದೇ ಕಡೆ ದುಡಿದವರು ಸಮಿತಿಯಿಂದ ಎದ್ದುಹೋಗಬೇಕು. ಮುಂಬಯಿಯ ಸಮಾಜಕಾರ್ಯದ ಲೋಕ ಚಿಕ್ಕದು. ದೇವನಾರದಲ್ಲೋ ಚರ್ಚ್‌ಗೇಟಿನ ನಿರ್ಮಲಾ ನಿಕೇತನದಲ್ಲೋ ಓದಿದವರೇ ಎಲ್ಲೆಲ್ಲೂ ಸಿಗುವುದರಿಂದ, ಪರಿಚಯವೇ ಇಲ್ಲದ ಮೂವರನ್ನು ಹುಡುಕುವುದು ಹೇಳಿದಷ್ಟು ಸಲೀಸಲ್ಲ.

ವಿಚಾರಣೆಯಲ್ಲಿ ಕೇಳುವ ಪ್ರಶ್ನೆಗಳಿಂದಲೇ ಸಮಾನರ ಬೆಲೆ ಗೊತ್ತಾಗುವುದು. ಹೊರಗಿನವರು ‘ಸಹಿ ಇದೆಯೇ?’ ಎಂದು ಕೇಳಿ ಮುಗಿಸುತ್ತಾರೆ. ಆ ಕೆಲಸ ಬಲ್ಲವರು ಕೇಳುವುದು ಬೇರೆ: ಯಾವಾಗ ಹೆಬ್ಬೆಟ್ಟು ಒತ್ತಿಸಿದಿರಿ, ತರಬೇತಿಗೆ ಸೇರಿಸುವ ದಿನವೇ? ಬೇಡವೆಂದಿದ್ದರೂ ಮಷೀನು ಸಿಗುತ್ತಿತ್ತೆಂದು ಆಕೆಗೆ ತಿಳಿದಿತ್ತೇ? ಫೋಟೊ ಬೇಕೆಂದು ಒತ್ತಾಯಿಸಿದ್ದು ಯಾರು, ನೀವೋ, ದಾನಿಗಳಿಗೆ ವರದಿ ಕಳಿಸುವ ಕಚೇರಿಯೋ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಅನೇಕ ಸಲ ದೂರಿನ ದಿಕ್ಕನ್ನೇ ತಿರುಗಿಸುತ್ತದೆ. ತಪ್ಪು ಒಬ್ಬ ಕಾರ್ಯಕರ್ತೆಯದಾಗಿ ಉಳಿಯದೆ ಇಡೀ ಸಂಸ್ಥೆಯ ರೂಢಿಯಾಗಿ ಕಾಣತೊಡಗುತ್ತದೆ.

ತೀರ್ಪು ತಿದ್ದುವಂಥದ್ದಿರಬಹುದು: ಇಷ್ಟು ತಿಂಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ, ಮರುತರಬೇತಿ, ಲಿಖಿತ ಕ್ಷಮೆ. ದಂಡಿಸುವಂಥದ್ದೂ ಇರಬಹುದು: ಛೀಮಾರಿ, ಅಮಾನತು, ಸದಸ್ಯತ್ವ ರದ್ದು. ಎರಡು ಬಗೆಗೂ ಮೇಲ್ಮನವಿ ಇರಬೇಕು.

ಇಂಗ್ಲೆಂಡ್ ಬಿಟ್ಟುಕೊಟ್ಟದ್ದು

ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಸಂಘಕ್ಕೆ ಬಿಡದೆ ಕಾನೂನಿನ ಸಂಸ್ಥೆಗೆ ಒಪ್ಪಿಸಿದ್ದಾರೆ. 2005ರಿಂದ ಅಲ್ಲಿ ನೋಂದಣಿಯಿಲ್ಲದೆ ‘ಸೋಷಿಯಲ್ ವರ್ಕರ್’ ಎಂದು ಹೇಳಿಕೊಳ್ಳುವಂತಿಲ್ಲ. 2019ರ ಡಿಸೆಂಬರಿನಿಂದ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ನಿಯಂತ್ರಕ. ವಿಚಾರಣಾ ಪೀಠದಲ್ಲಿ ವೃತ್ತಿಯವರ ಪಕ್ಕದಲ್ಲಿ ವೃತ್ತಿಗೆ ಸಂಬಂಧಿಸದ ಸಾಮಾನ್ಯರೂ ಕೂರುತ್ತಾರೆ, ತೀರ್ಪುಗಳನ್ನು ಪ್ರಕಟಿಸುತ್ತಾರೆ. ‘ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂಬ ಮಾತನ್ನು ಜನ ಪೂರ್ತಿ ನಂಬುವುದಿಲ್ಲ ಎಂಬುದನ್ನು ಅಲ್ಲಿ ಒಪ್ಪಿಕೊಂಡಂತಾಯಿತು.

ಭಾರತದಲ್ಲಿ ಸಂಹಿತೆ ಉಂಟು, ಮಂಡಳಿ ಇಲ್ಲ

ನೀತಿಯ ಬರಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 1997ರಲ್ಲಿ ದೇವನಾರದ ಸಂಸ್ಥೆಯ ಸಮಾಜಕಾರ್ಯ ಅಧ್ಯಾಪಕರ ವೇದಿಕೆ ವೃತ್ತಿನೀತಿಯ ಘೋಷಣೆಯೊಂದನ್ನು ರೂಪಿಸಿತು. ವೃತ್ತಿಪರ ಸಮಾಜ ಕಾರ್ಯಕರ್ತರ ಸಂಘಗಳ ಭಾರತೀಯ ಜಾಲ 2015ರಲ್ಲಿ ಇನ್ನೊಂದು ಸಂಹಿತೆ ತಂದಿತು. 2018ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟಗಳ ಜಾಗತಿಕ ನೀತಿಸೂತ್ರಗಳೂ ಬಂದವು. ಇವನ್ನು ಮುರಿದವರನ್ನು ಕರೆಸಿ ಕೇಳುವ ಶಾಸನಬದ್ಧ ರಾಷ್ಟ್ರೀಯ ಮಂಡಳಿ ಮಾತ್ರ ಇಲ್ಲ. ಅಂಥ ಮಂಡಳಿಗೆ 1990ರ ದಶಕದಿಂದಲೂ ಮಸೂದೆಯ ಕರಡುಗಳು ತಯಾರಾಗಿವೆ, ಯಾವುದೂ ಕಾಯಿದೆಯಾಗಿಲ್ಲ. ಸಂಘಗಳಿವೆಯಲ್ಲ ಎನ್ನಬಹುದು. ಸೇರಲೇಬೇಕೆಂಬ ಕಟ್ಟಳೆ ಇಲ್ಲದ ಸಂಘ ಕೊಡಬಹುದಾದ ಕೊನೆಯ ಶಿಕ್ಷೆ ಹೆಸರು ತೆಗೆಯುವುದು. ಹೆಸರು ತೆಗೆದ ಮಾರನೆಯ ದಿನ ಆತ ಬೇರೆ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಬಹುದು.

ಕೆಲವು ಉಪಶಾಖೆಗಳಿಗಷ್ಟೇ ನೆರಳಿದೆ. ಪುನರ್ವಸತಿ ಸಮಾಜ ಕಾರ್ಯಕರ್ತರು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ವ್ಯಾಪ್ತಿಗೆ ಬರುತ್ತಾರೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. 2021ರ ಸಹಾಯಕ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ರಾಜ್ಯ ಪರಿಷತ್ತುಗಳಲ್ಲಿ ನೀತಿ ಮತ್ತು ನೋಂದಣಿ ಮಂಡಳಿ ಇರಬೇಕೆನ್ನುತ್ತದೆ. ಬಸ್ತಿಯಲ್ಲಿ, ಶಾಲೆಯಲ್ಲಿ, ಕುಟುಂಬ ಸಮಾಲೋಚನೆಯಲ್ಲಿ ದುಡಿಯುವ ಬಹುಪಾಲು ಜನ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಹತ್ತಿರದ ಸಮಾನರು, ದೂರದ ಸಮಾನರು

ಸಮಾನರ ಕಣ್ಣು ಏನು ಕಾಣಬಲ್ಲದು, ಏನನ್ನು ಕಂಡೂ ಕಾಣದಂತಿರಬಲ್ಲದು ಎಂಬುದಕ್ಕೆ ಮುಜಫ್ಫರ್‌ಪುರದ ಬಾಲಿಕಾಗೃಹಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಬಿಹಾರ ಸರ್ಕಾರ ತನ್ನ ಆಶ್ರಯಧಾಮಗಳನ್ನು ಪರಿಶೀಲಿಸಲು ಟಾಟಾ ಸಂಸ್ಥೆಯ ‘ಕೋಶಿಶ್’ ತಂಡವನ್ನು ಕರೆಸಿತು. ತಂಡ 110 ಧಾಮಗಳನ್ನು ನೋಡಿ 2018ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಹುಡುಗಿಯರ ಮೇಲಿನ ಲೈಂಗಿಕ ಹಿಂಸೆ ಹೊರಬಿದ್ದದ್ದು ಆ ವರದಿಯಿಂದ. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿ ತಪ್ಪಿತಸ್ಥರೆಂದಿತು. ಅವರಲ್ಲಿ ಮಕ್ಕಳನ್ನು ಕಾಯಬೇಕಿದ್ದ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷನೂ ಇದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕೋಶಿಶ್ ತಂಡ ಮಾಡಿದ್ದು ಒಬ್ಬರ ಮೇಲಿನ ದೂರಿನ ವಿಚಾರಣೆಯಲ್ಲ, ಸಂಸ್ಥೆಗಳ ಸಾಮಾಜಿಕ ಲೆಕ್ಕಪರಿಶೋಧನೆ. ಆದರೂ ಇಲ್ಲಿಗೆ ಸಲ್ಲುತ್ತದೆ. ಅದೇ ಕ್ಷೇತ್ರದವರು, ಅದೇ ಊರಿನವರು ಬಾಯಿ ಬಿಡಲಿಲ್ಲ. ಅದೇ ಕ್ಷೇತ್ರದವರು, ದೂರದಿಂದ ಬಂದವರು, ಹುಡುಗಿಯರ ಜೊತೆ ಕೂತು ಮಾತಾಡಿ ಬರೆದರು. ವಿಚಾರಣೆಗೆ ಕೆಲಸ ಬಲ್ಲವರು ಬೇಕು, ಆದರೆ ಆಪಾದಿತರನ್ನು ಬಲ್ಲವರು ಬೇಡ. ಜೊತೆಗೆ ವೃತ್ತಿಯ ಹೊರಗಿನವರೊಬ್ಬರು ಬೇಕೇ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಹಾವೂ ಸಾಯದ, ಕೋಲೂ ಮುರಿಯದ ಪಂಚಾಯಿತಿಯೇ ಸರಿ.

ಅಪರಾಧವನ್ನಂತೂ ಸಮಾನರ ಸಮಿತಿ ಒಳಗೇ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿರುವುದು ತಿಳಿದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಹೊಣೆ ಹೊತ್ತವರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು.

ವಿಕ್ರೋಳಿಯವರು ಇವತ್ತು ಎಲ್ಲಿಗೆ ಹೋಗಬಹುದು

ಲೈಂಗಿಕ ಕಿರುಕುಳವಾದರೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ 2013ರ ಕಾಯಿದೆಯ ಆಂತರಿಕ ಸಮಿತಿ ಇರಬೇಕು. ದೂರುವ ಮಹಿಳೆ ಅಲ್ಲಿನ ನೌಕರಳೇ ಆಗಿರಬೇಕಿಲ್ಲ. ನೆರವಿಗೆ ಬಂದವಳೂ ದೂರಬಹುದು. ಅವಧಿ ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು. ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿ. ವಿಕ್ರೋಳಿ ಸೇರುವುದು ಮುಂಬಯಿ ಉಪನಗರ ಜಿಲ್ಲೆಗೆ, ಜಿಲ್ಲಾಧಿಕಾರಿ ಕಚೇರಿ ಬಾಂದ್ರಾದಲ್ಲಿ. ಟ್ರಸ್ಟಿನ ಹಣ ದುರುಪಯೋಗವಾದರೆ 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯಡಿ ವರ್ಲಿಯ ಚಾರಿಟಿ ಕಮಿಷನರ್. ಟ್ರಸ್ಟಿಗಳನ್ನು ತೆಗೆಯುವ ಅಧಿಕಾರ ಅವರಿಗಿದೆ, ಆದರೆ ಗುಟ್ಟು ಬಯಲಾದ ಅಳಲು ಅವರ ಬಾಬತ್ತಲ್ಲ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಸೇವೆ ಸರಿಯಿಲ್ಲದಿದ್ದರೆ ಮೊದಲು ಅಲ್ಲಿನ ಮುಖ್ಯ ವೈದ್ಯಾಧಿಕಾರಿ, ಆಮೇಲೆ ಪುನರ್ವಿಮರ್ಶಾ ಮಂಡಳಿ, ಕೊನೆಗೆ ರಾಜ್ಯ ಪ್ರಾಧಿಕಾರ. ಹೊಡೆತ, ಬೆದರಿಕೆ, ವಂಚನೆಗೆ ವಿಕ್ರೋಳಿ ಅಥವಾ ಪಾರ್ಕ್‌ಸೈಟ್ ಪೊಲೀಸ್ ಠಾಣೆ.

ಉಳಿದ ದೂರುಗಳಿಗೆ, ಫೋಟೊದಂಥವಕ್ಕೆ, ಸಂಸ್ಥೆಯ ಆಡಳಿತ ಮಂಡಳಿಯೊಂದೇ ದಾರಿ. ಬರೆದರೆ ಮಾನನಷ್ಟದ ಕೇಸು ಹಾಕುತ್ತಾರೆಂದು ಹೆದರಬೇಕಾಗಿಲ್ಲ: ಸದ್ಭಾವನೆಯಿಂದ, ಅಧಿಕಾರವುಳ್ಳವರ ಮುಂದೆ ಮಾಡಿದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಿನಾಯಿತಿ ಇದೆ. ಆಗಿದ್ದನ್ನು ತಾರೀಖಿನ ಸಮೇತ ನಿಮ್ಮ ಭಾಷೆಯಲ್ಲೇ ಬರೆಯಿರಿ ಅಥವಾ ಬರೆಸಿ. ಎರಡು ಪ್ರತಿ ಒಯ್ಯಿರಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ಸಹಿ ಹಾಕಿಸಿಕೊಂಡು ಬನ್ನಿ.