ಕಾಂಪೋಸ್ಟ್ ಡಬ್ಬದಿಂದ ಹಾರೋ ಕಪ್ಪು ಹುಳ ಕಣಜ ಅಲ್ಲ, ನೊಣ! ಗುರುತಿಸೋದು ಹೇಗೆ?

ಬೆಂಗಳೂರು: ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆ ಮನೆಯಲ್ಲೇ ಹಸಿ ಕಸದಿಂದ ಗೊಬ್ಬರ ಮಾಡೋರು ಇದನ್ನ ನೋಡಿರಬಹುದು. ಡಬ್ಬದ ಮುಚ್ಚಳ ತೆಗೆದ ಕೂಡಲೇ ಉದ್ದನೆಯ ಕಪ್ಪು ಹುಳವೊಂದು ಬುರ್ರನೆ ಮುಖದ ಮುಂದೆ ಹಾರುತ್ತೆ. ಕಣಜ ಕಚ್ಚುತ್ತೆ ಅಂತ ಹೆದರಿ ಸ್ಪ್ರೇ ಹೊಡೆಯೋ ಮುಂಚೆ ಒಮ್ಮೆ ಸರಿಯಾಗಿ ನೋಡಿ.

ಇದು 'ಬ್ಲ್ಯಾಕ್ ಸೋಲ್ಜರ್ ಫ್ಲೈ', ಅಂದರೆ ಕಪ್ಪು ಸೈನಿಕ ನೊಣ. ವೈಜ್ಞಾನಿಕ ಹೆಸರು ಹರ್ಮೆಟಿಯಾ ಇಲ್ಲುಸೆನ್ಸ್. ಮೂಲ ಅಮೆರಿಕ ಖಂಡ; ಈಗ ಬೆಚ್ಚಗಿನ ದೇಶಗಳಲ್ಲೆಲ್ಲ ಇದೆ.

ಗುರುತುಗಳು

* ಗಾತ್ರ: ಸುಮಾರು 15ರಿಂದ 20 ಮಿ.ಮೀ. ಮನೆ ನೊಣ 6ರಿಂದ 8 ಮಿ.ಮೀ. ಅಷ್ಟೇ.
* ರೆಕ್ಕೆ: ಒಂದೇ ಜೋಡಿ. ಕೂತಾಗ ಬೆನ್ನಿನ ಮೇಲೆ ಮಡಚಿಕೊಂಡಿರುತ್ತೆ. ಕಣಜಕ್ಕೆ ಎರಡು ಜೋಡಿ.
* ಸೊಂಟ: ಹೊಟ್ಟೆಯ ಮೇಲ್ಭಾಗದಲ್ಲಿ ಬೆಳಕು ತೂರುವ ಎರಡು ಕಿಟಕಿಯಂಥ ಜಾಗ ಇರುತ್ತೆ. ಅದಕ್ಕೇ ದೂರದಿಂದ ಕಣಜದ ಹಾಗೆ ಸಣ್ಣ ಸೊಂಟ ಕಾಣೋದು.
* ಕಾಲು: ತುದಿ ಮಾತ್ರ ಬಿಳಿ, ಸಾಕ್ಸ್ ಹಾಕಿದ ಹಾಗೆ.
* ಮೀಸೆ: ಮನೆ ನೊಣಕ್ಕಿಂತ ಬಹಳ ಉದ್ದ.

ಹುಳ ಕೂತಾಗ ಮೊಬೈಲಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದರೆ ಇವು ಸುಲಭವಾಗಿ ಕಾಣುತ್ತವೆ.

ಇದಕ್ಕೆ ಕೊಂಡಿ ಇಲ್ಲ, ಕಚ್ಚೋದೂ ಇಲ್ಲ. ಮನೆ ನೊಣದ ಹಾಗೆ ಊಟದ ತಟ್ಟೆ, ಅಂಗಡಿಯ ಸಿಹಿತಿಂಡಿ ಮೇಲೆ ಮುತ್ತೋದಿಲ್ಲ. ದೊಡ್ಡದಾದ ಮೇಲೆ ಬದುಕೋದು ಒಂದೆರಡು ವಾರ. ಡಬ್ಬಕ್ಕೆ ಬರೋದು ಹೆಣ್ಣು, ಮೊಟ್ಟೆ ಇಡೋಕೆ. ಒಂದು ಸಲಕ್ಕೆ ಸುಮಾರು 500 ಮೊಟ್ಟೆ.

ಡಬ್ಬದೊಳಗಿನ ಚಪ್ಪಟೆ, ಗಟ್ಟಿ ಚರ್ಮದ ಮಾಸಲು ಬಣ್ಣದ ಹುಳಗಳು ಇದರ ಮರಿಗಳೇ. ತರಕಾರಿ ಸಿಪ್ಪೆ, ಮಿಕ್ಕ ಅನ್ನ ತಿಂದು ಕಸ ಕರಗಿಸುತ್ತವೆ. ಇವು ಇರೋ ಕಡೆ ಮನೆ ನೊಣ ಮೊಟ್ಟೆ ಇಡೋದೂ ಕಡಿಮೆ. ಬೆಳೆದ ಮೇಲೆ ಕಪ್ಪಾಗಿ, ಒಣ ಜಾಗ ಹುಡುಕಿ ಡಬ್ಬದಿಂದ ಹೊರಗೆ ಹರಿದು ಬರುತ್ತವೆ.

ಸ್ಪ್ರೇ ಹೊಡೆದರೆ ಕಸ ಕರಗಿಸೋ ಹುಳಗಳೂ ಸಾಯುತ್ತವೆ, ವಿಷ ಗೊಬ್ಬರಕ್ಕೂ ಸೇರುತ್ತೆ. ಅದೇ ಗೊಬ್ಬರ ನಿಮ್ಮ ಕರಿಬೇವು, ಕೊತ್ತಂಬರಿ ಕುಂಡಕ್ಕೆ ಹೋಗೋದು!

ಹುಳ ಜಾಸ್ತಿ ಅನ್ನಿಸಿದರೆ ಕಸ ತುಂಬಾ ಒದ್ದೆಯಾಗಿದೆ ಅಂತ ಅರ್ಥ. ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ, ಹೊಸ ಕಸವನ್ನ ಅದರಿಂದಲೇ ಮುಚ್ಚಿ. ಗಾಳಿ ಕಿಂಡಿಗಳಿಗೆ ಸಣ್ಣ ಜಾಲರಿ ಕಟ್ಟಿ. ನೊಣ ಮನೆಯೊಳಗೆ ಬಂದರೆ ಲೈಟ್ ಆರಿಸಿ ಕಿಟಕಿ ತೆಗೆಯಿರಿ, ಬೆಳಕಿನ ಕಡೆ ಹೋಗುತ್ತೆ.