'ಹದ'ಕ್ಕೆ ಸಂಖ್ಯೆ ಹುಡುಕಿದವರು

ರೈತ ಹೊಲದ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ನೋಡಿ 'ಹದವಾಗಿದೆ' ಎನ್ನುತ್ತಾನೆ. ಅವನು ನೀರನ್ನು ತೂಗಿಲ್ಲ, ಅಳೆದಿಲ್ಲ. ಆದರೆ ತಾನಾಗಿಯೇ ಪಂಪು ಹಾಕಿ ನಿಲ್ಲಿಸುವ ಸ್ವಯಂಚಾಲಿತ ನೀರಾವರಿ ಯಂತ್ರಕ್ಕೆ ಹದ ಎಂದರೆ ತಿಳಿಯದು. ಅದಕ್ಕೊಂದು ಸಂಖ್ಯೆ ಬೇಕು. ಯಾವುದು ಆ ಸಂಖ್ಯೆ? ಉತ್ತರ ಹುಡುಕಿದವರಲ್ಲಿ ಭೌತವಿಜ್ಞಾನಿಗಳೇ ಮುಂದಿದ್ದರು.

ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಲೈಮನ್ ಬ್ರಿಗ್ಸ್ 1897ರಲ್ಲಿ ಮಣ್ಣಿನ ನೀರನ್ನು ಮೂರಾಗಿ ವಿಂಗಡಿಸಿದರು: ಗುರುತ್ವದಿಂದ ಬಸಿದುಹೋಗುವ ನೀರು, ಸೂಕ್ಷ್ಮರಂಧ್ರಗಳಲ್ಲಿ ನಿಲ್ಲುವ ಲೋಮನಾಳ ನೀರು, ಕಣಗಳ ಮೈಗೆ ಪೊರೆಯಂತೆ ಅಂಟಿದ ನೀರು. 1912ರಲ್ಲಿ ಅವರು ಸಸ್ಯವಿಜ್ಞಾನಿ ಶಾಂಟ್ಸ್ ಅವರೊಡನೆ, ಗಿಡ ಬಾಡಿ ಮತ್ತೆ ಚೇತರಿಸಿಕೊಳ್ಳದ ತೇವದ ಮಟ್ಟವನ್ನು ಕುರಿತ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದೇ ಮಣ್ಣಿನಲ್ಲಿ ಬೆಳೆದ ಬೇರೆಬೇರೆ ಗಿಡಗಳು ಹೆಚ್ಚುಕಡಿಮೆ ಒಂದೇ ತೇವದಲ್ಲಿ ಬಾಡಿದವು. ಮಣ್ಣು ಬದಲಾದಾಗ ಮಾತ್ರ ಆ ಮಟ್ಟ ಬಹಳ ಬದಲಾಯಿತು. ಮರಳು ಮಣ್ಣು ಬಹುಪಾಲು ಒಣಗಿದ ಮೇಲೆ ಗಿಡ ಬಾಡಿದರೆ, ಜೇಡಿಮಣ್ಣಿನಲ್ಲಿ ಸಾಕಷ್ಟು ನೀರಿರುವಾಗಲೇ ಬಾಡಿತು!

ನೀರಿದ್ದೂ ಗಿಡಕ್ಕೆ ದಾಹವೇಕೆ? ಇದಕ್ಕೆ ಬೇಕಾದ ಪರಿಕಲ್ಪನೆಯನ್ನು ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲೇ ಕೊಟ್ಟಿದ್ದರು. ಆಯಾಮ ವಿಶ್ಲೇಷಣೆಯ 'ಪೈ ಪ್ರಮೇಯ'ದಿಂದ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತರಾದವರು ಇವರೇ. ವಿದ್ಯುತ್ತು ವಿಭವದ ವ್ಯತ್ಯಾಸದಿಂದ ಹರಿಯುವಂತೆ ಮಣ್ಣಿನ ನೀರೂ ಒಂದು ವಿಭವದ ವ್ಯತ್ಯಾಸದಿಂದ ಚಲಿಸುತ್ತದೆ ಎಂದು ಅವರು ವಾದಿಸಿದರು. ಅಂದರೆ ಕೇಳಬೇಕಾದುದು 'ಎಷ್ಟು ನೀರಿದೆ?' ಎಂದಲ್ಲ, 'ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ?' ಎಂದು.

ಈ ಬಿಗಿತವನ್ನು ಅಳೆಯಲು ನೆರವಾದದ್ದು ಸುಟ್ಟ ಮಣ್ಣಿನ ಸರಂಧ್ರ ಬಟ್ಟಲು. ಸಸಿಯ ಬುಡದಲ್ಲಿ ಮಡಕೆ ಹೂತು ನೀರು ತುಂಬಿಸುವ ಪದ್ಧತಿ ನಮಗೆ ಗೊತ್ತಿದೆ. ಸುತ್ತಲ ಮಣ್ಣು ಒಣಗಿದಷ್ಟೂ ಮಡಕೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಬರ್ಟನ್ ಲಿವಿಂಗ್‌ಸ್ಟನ್ 1908ರಲ್ಲಿ ಇದೇ ತತ್ತ್ವದಿಂದ ಕುಂಡದ ಗಿಡಗಳಿಗೆ ತಾನಾಗಿ ನೀರುಣಿಸುವ ವಿಧಾನವನ್ನು ವಿವರಿಸಿದರು. ಬಟ್ಟಲಿಗೆ ನೀರು ತುಂಬಿ, ಗಾಳಿಯಾಡದಂತೆ ಮುಚ್ಚಿ, ನಿರ್ವಾತಮಾಪಕವೊಂದನ್ನು ಜೋಡಿಸಿದರೆ ಮಣ್ಣಿನ ಸೆಳೆತವನ್ನು ಓದಬಹುದು. ಇದೇ ಟೆನ್ಸಿಯೋಮೀಟರ್. ವಿಲ್ಲರ್ಡ್ ಗಾರ್ಡ್‌ನರ್ ಮತ್ತು ಲೊರೆಂಜೊ ರಿಚರ್ಡ್ಸ್ ಇದನ್ನು ಬೆಳೆಸಿದ ಪ್ರಮುಖರು. ಮಾಪಕಕ್ಕೆ ಸ್ವಿಚ್ಚು ಸೇರಿಸಿದರೆ ಅದೇ ಪಂಪನ್ನು ಚಾಲನೆ ಮಾಡಬಲ್ಲದು. ಆದರೆ ಸೆಳೆತ ಸುಮಾರು 80 ಕಿಲೊಪಾಸ್ಕಲ್ ದಾಟಿದರೆ ನಳಿಗೆಯಲ್ಲಿ ಗುಳ್ಳೆಗಳೆದ್ದು ಉಪಕರಣ ಕೆಲಸ ನಿಲ್ಲಿಸುತ್ತದೆ.

1931ರಲ್ಲಿ ಕ್ಯಾಲಿಫೋರ್ನಿಯದ ವೈಮೇಯರ್ ಮತ್ತು ಹೆಂಡ್ರಿಕ್ಸನ್ 'ಕ್ಷೇತ್ರ ಸಾಮರ್ಥ್ಯ' ಎಂಬ ಪದವನ್ನು ರೂಢಿಗೆ ತಂದರು. ಚೆನ್ನಾಗಿ ನೆನೆದ ಮಣ್ಣಿನಿಂದ ಎರಡು ಮೂರು ದಿನ ನೀರು ಬಸಿದ ಮೇಲೆ ಉಳಿಯುವ ತೇವವಿದು. ಬಾಡುವ ಬಿಂದುವಿಗೆ ಕ್ರಮೇಣ 1500 ಕಿಲೊಪಾಸ್ಕಲ್ ಸೆಳೆತವೆಂಬ ಒಪ್ಪಿತ ಬೆಲೆ ದೊರೆಯಿತು. ಇವೆರಡರ ನಡುವಿನದೇ ಗಿಡಕ್ಕೆ ಒದಗುವ ನೀರು. ಪದಗಳು ಅನುಕೂಲವಾದವು, ಜೊತೆಗೆ ಒಂದು ಭ್ರಮೆಯನ್ನೂ ತಂದವು. 'ಸಾಮರ್ಥ್ಯ' ಎಂದೊಡನೆ ಮಣ್ಣು ಒಂದು ಬಕೆಟ್ ಎಂಬ ಚಿತ್ರ ಮೂಡುತ್ತದೆ. ವಾಸ್ತವದಲ್ಲಿ ಬಸಿಯುವಿಕೆ ನಿಧಾನವಾಗುತ್ತದೆ, ಥಟ್ಟನೆ ನಿಲ್ಲುವುದಿಲ್ಲ.

1980ರಲ್ಲಿ ಟಾಪ್ ಮತ್ತು ಸಂಗಡಿಗರು ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕದಿಂದ ತೇವವನ್ನು ಅಳೆಯುವ ಸಮೀಕರಣವನ್ನು ಪ್ರಕಟಿಸಿದರು. ನೀರಿಗೆ ಈ ಸ್ಥಿರಾಂಕ ಸುಮಾರು 80, ಒಣಮಣ್ಣಿಗೆ 3ರಿಂದ 5. ಇಂದಿನ ಅನೇಕ ವಿದ್ಯುನ್ಮಾನ ಸಂವೇದಕಗಳು ನೆಚ್ಚಿರುವುದು ಈ ವ್ಯತ್ಯಾಸವನ್ನೇ. ಅವು ಹೇಳುವುದು ಮತ್ತೆ 'ಎಷ್ಟು' ಎಂಬುದನ್ನು ಮಾತ್ರ! ಗಾತ್ರದಲ್ಲಿ ಶೇಕಡ 20ರಷ್ಟು ತೇವಕ್ಕೆ ಪಂಪು ಹೊರಡಲೆಂದು ಎಲ್ಲೆಡೆಯೂ ನಿಗದಿ ಮಾಡಿದರೆ ಏನಾದೀತು? ಜಿಗುಟಾದ ಎರೆಮಣ್ಣಿನಲ್ಲಿ ಪಂಪು ಹೊರಡುವ ಮೊದಲೇ ಬೆಳೆ ಬಾಡಬಹುದು. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ನೀರು ಬೇರಿನಾಚೆ ಬಸಿದು ಪೋಲಾಗಬಹುದು.

ಆದ್ದರಿಂದ ಸಂವೇದಕ ಕೊಳ್ಳುವವರು ಮೊದಲು ಕೇಳಬೇಕಾದುದು ಅದು ಅಳೆಯುವುದು ತೇವವನ್ನೋ ಸೆಳೆತವನ್ನೋ ಎಂದು. ತೇವವಾದರೆ ತಮ್ಮ ಮಣ್ಣಿಗೆ ಹೊಂದಿಸಿದ ಅಂಕಿಗಳು ಬೇಕೇಬೇಕು. ರೈತನ ಅಂಗೈ ಮಾತ್ರ ತೇವವನ್ನೂ ಬಿಗಿತವನ್ನೂ ಒಟ್ಟಿಗೆ ಗ್ರಹಿಸಿ, ಎರಡನ್ನೂ 'ಹದ' ಎಂಬ ಒಂದೇ ಮಾತಿನಲ್ಲಿ ಹೇಳುತ್ತ ಬಂದಿದೆ.